ಮೊದಲು ಅಳಿಸು, ಆಮೇಲೆ ಬಿಡು

2024ರ ಆಗಸ್ಟ್‌ನ ಆಂಡ್ರಾಯ್ಡ್ ಭದ್ರತಾ ಬುಲೆಟಿನ್‌ನಲ್ಲಿ ಹತ್ತಾರು ದೋಷಗಳ ಪಟ್ಟಿಯಿತ್ತು. ಅವುಗಳಲ್ಲಿ ಒಂದರ ಬಗ್ಗೆ ಗೂಗಲ್ ಪ್ರತ್ಯೇಕವಾಗಿ ಎಚ್ಚರಿಸಿತ್ತು. ಸಿವಿಇ-2024-36971 ಎಂಬ ಆ ದೋಷವನ್ನು ಆಯ್ದ ಕೆಲವರ ಫೋನುಗಳ ಮೇಲೆ ಆಗಲೇ ಬಳಸುತ್ತಿರುವ ಸೂಚನೆಗಳು ಸಿಕ್ಕಿದ್ದವು. ಅದರ ಜಾಡು ಹಿಡಿದವರು ಗೂಗಲ್‌ನ ಭದ್ರತಾ ಸಂಶೋಧಕ ಕ್ಲೆಮೆಂಟ್ ಲೆಸಿನ್. ದೋಷವಿದ್ದದ್ದು ಆಂಡ್ರಾಯ್ಡ್‌ಗೆ ಆಧಾರವಾಗಿರುವ ಲಿನಕ್ಸ್ ಕರ್ನೆಲ್‌ನ ನೆಟ್‌ವರ್ಕ್ ಭಾಗದಲ್ಲಿ. ಅಲ್ಲಿ ಎರಡು ಕೆಲಸಗಳು ನಡೆಯಬೇಕಿತ್ತು, ಎರಡೂ ನಡೆಯುತ್ತಲೂ ಇದ್ದವು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಹಿಂದುಮುಂದಾಗಿತ್ತು.

ಫೋನಿನ ಯಾವುದೇ ಆ್ಯಪ್ ಇಂಟರ್ನೆಟ್ ಜೊತೆ ಮಾತಾಡಬೇಕಾದರೆ ಕರ್ನೆಲ್‌ನಿಂದ ಒಂದು ಸಾಕೆಟ್ ಪಡೆಯಬೇಕು. ಕಳಿಸುವ ಒಂದೊಂದು ಪ್ಯಾಕೆಟ್‌ಗೂ ವೈಫೈಯಲ್ಲಿ ಹೋಗಬೇಕೋ ಮೊಬೈಲ್ ಡೇಟಾದಲ್ಲೋ, ಮುಂದಿನ ಗೇಟ್‌ವೇ ಯಾವುದು ಎಂದು ಹೊಸದಾಗಿ ಹುಡುಕುತ್ತ ಕೂತರೆ ಸಮಯ ಹಾಳು. ಆದ್ದರಿಂದ ಒಮ್ಮೆ ಸಿಕ್ಕ ದಾರಿಯನ್ನು ಸಾಕೆಟ್ ನೆನಪಿಟ್ಟುಕೊಳ್ಳುತ್ತದೆ. ದಾರಿಯ ವಿವರ ಮೆಮೊರಿಯಲ್ಲಿ ಒಂದು ಕಡೆ ಇರುತ್ತದೆ, ಅದು ಎಲ್ಲಿದೆ ಎಂದು ತೋರಿಸುವ ಪಾಯಿಂಟರ್ ಸಾಕೆಟ್‌ನಲ್ಲಿರುತ್ತದೆ. ಆ ವಿವರವನ್ನು ಎಷ್ಟು ಕಡೆಯಿಂದ ಬಳಸುತ್ತಿದ್ದಾರೆ ಎಂಬುದಕ್ಕೆ ಒಂದು ಲೆಕ್ಕವೂ ಇರುತ್ತದೆ. ಲೆಕ್ಕ ಸೊನ್ನೆಗೆ ಇಳಿದರೆ ಆ ಜಾಗವನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡಬಹುದು.

ಕಳಿಸಿದ್ದಕ್ಕೆ ಉತ್ತರವೇ ಬಾರದೆ ಈ ದಾರಿ ಕೆಟ್ಟಿದೆ ಎನಿಸಿದಾಗ ಸಾಕೆಟ್ ಅದನ್ನು ಕೈಬಿಡಬೇಕು. ಆಗ ಮಾಡಬೇಕಾದ್ದು ಎರಡು ಕೆಲಸ: ಸಾಕೆಟ್‌ನಲ್ಲಿರುವ ಪಾಯಿಂಟರ್ ಅಳಿಸುವುದು, ದಾರಿಯ ಲೆಕ್ಕದಲ್ಲಿ ಒಂದು ಕಳೆಯುವುದು. ಹಳೆಯ ಕೋಡ್ ಮೊದಲು ಲೆಕ್ಕ ಕಳೆದು ಆಮೇಲೆ ಪಾಯಿಂಟರ್ ಅಳಿಸುತ್ತಿತ್ತು. ಆ ಎರಡರ ನಡುವಿನ ಸಂದಿನಲ್ಲಿ ಪ್ರೊಸೆಸರ್‌ನ ಇನ್ನೊಂದು ಕೋರ್ ಅದೇ ಸಾಕೆಟ್‌ನಿಂದ ಪ್ಯಾಕೆಟ್ ಕಳಿಸಲು ಬಂತು ಎನ್ನಿ. ಪಾಯಿಂಟರ್ ಇನ್ನೂ ಅಲ್ಲೇ ಇದೆ, ಆದರೆ ಅದು ತೋರಿಸುವ ಜಾಗಕ್ಕೆ ಒಡೆಯರಿಲ್ಲ. ಸ್ವಲ್ಪ ಹೊತ್ತಿಗೆ ಆ ಜಾಗ ಬೇರೆ ಯಾರಿಗೋ ಹಂಚಿಕೆಯಾಗುತ್ತದೆ. ಆ ‘ಬೇರೆ ಯಾರೋ’ ದಾಳಿಕೋರನೇ ಆಗಿದ್ದು, ತನಗೆ ಬೇಕಾದ ಡೇಟಾವನ್ನು ಅಲ್ಲಿ ತುಂಬಿಟ್ಟಿದ್ದರೆ, ಕರ್ನೆಲ್ ಅದನ್ನೇ ದಾರಿಯ ವಿವರವೆಂದು ನಂಬಿ ನಡೆಯುತ್ತದೆ. ಕರ್ನೆಲ್‌ಗೆ ಫೋನಿನೊಳಗಿನ ಎಲ್ಲದರ ಮೇಲೂ ಅಧಿಕಾರವಿದೆ. ಅದನ್ನು ದಾರಿ ತಪ್ಪಿಸಿದವನಿಗೆ ಆ ಅಧಿಕಾರವೆಲ್ಲ ಸಿಗುತ್ತದೆ.

ಯಾರು ಮೊದಲು ಮುಟ್ಟುತ್ತಾರೆ ಎಂಬುದರ ಮೇಲೆ ಫಲಿತಾಂಶ ನಿಂತಿರುವ ಇಂಥ ಸ್ಥಿತಿಯೇ ರೇಸ್ ಕಂಡೀಷನ್. ಪರೀಕ್ಷೆಯಲ್ಲಿ ಅದು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಸಾವಿರ ಸಲ ಓಡಿಸಿದರೂ ಸರಿಯಾಗಿ ನಡೆದ ಕೋಡ್ ಮರುಸಲ ಕುಸಿಯಬಹುದು, ಕುಸಿದ ಕಾರಣ ಲಾಗ್‌ನಲ್ಲಿ ಕುರುಹು ಬಿಡದೇ ಹೋಗಬಹುದು.

ತೆರೆದದ್ದು ಹೊಸ ಬಾಗಿಲು

ಈ ದೋಷದ ಹುಟ್ಟನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ರೇಸ್‌ಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ ಇಷ್ಟು ಸ್ವಚ್ಛವಾದ ಉದಾಹರಣೆ ಸಿಗುವುದು ಅಪರೂಪ. ಹಿಂದುಮುಂದಾದ ಆ ಕೋಡ್ ಬಹಳ ಹಳೆಯದು. ಟಿಸಿಪಿ ಸಂಪರ್ಕಗಳು ಅದನ್ನು ಕರೆಯುತ್ತಿದ್ದವು. ಟಿಸಿಪಿ ತನ್ನ ಕೆಲಸವನ್ನು ಸಾಕೆಟ್‌ನ ಲಾಕ್ ಹಿಡಿದೇ ಮಾಡುತ್ತದೆ. ಒಂದು ಕೋರ್ ಲಾಕ್ ಹಿಡಿದಿರುವಾಗ ಇನ್ನೊಂದು ಹೊರಗೆ ಕಾಯುತ್ತದೆ, ಆದ್ದರಿಂದ ಕ್ರಮ ತಪ್ಪಿದ್ದರೂ ಆ ಸಂದು ಯಾರಿಗೂ ಕಾಣುತ್ತಿರಲಿಲ್ಲ.

2016ರಲ್ಲಿ ಒಂದು ಹೊಸ ಅನುಕೂಲ ಸೇರಿತು. ದಾರಿ ಕೆಟ್ಟಿದೆ ಎಂದು ಆ್ಯಪ್ ತಾನೇ ಕರ್ನೆಲ್‌ಗೆ ಹೇಳಬಹುದು, ಅದೂ ಯಾವ ಬಗೆಯ ಸಾಕೆಟ್‌ನಿಂದಲಾದರೂ. ಉದ್ದೇಶ ಒಳ್ಳೆಯದೇ. ಆದರೆ ಹೀಗೆ ಹೇಳಬಲ್ಲವುಗಳಲ್ಲಿ ಯುಡಿಪಿಯೂ ಸೇರಿತ್ತು. ವೇಗಕ್ಕಾಗಿ ಯುಡಿಪಿ ಸಾಮಾನ್ಯ ಪ್ಯಾಕೆಟ್‌ಗಳನ್ನು ಸಾಕೆಟ್ ಲಾಕ್ ಹಿಡಿಯದೆಯೇ ಕಳಿಸುತ್ತದೆ. ಹಳೆಯ ಫಂಕ್ಷನ್‌ನ ಒಂದಕ್ಷರವೂ ಬದಲಾಗಿರಲಿಲ್ಲ, ಅದನ್ನು ಕರೆಯುವವರು ಬದಲಾಗಿದ್ದರು. ‘ಈ ಸಾಕೆಟ್ ಬಳಸುವವರೆಲ್ಲ ಲಾಕ್ ಹಿಡಿದಿರುತ್ತಾರೆ’ ಎಂಬ ನಂಬಿಕೆ ಆ ಫಂಕ್ಷನ್‌ನಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆಯದ ಆ ನಂಬಿಕೆ ಮುರಿದದ್ದು ಎಂಟು ವರ್ಷ ಯಾರ ಗಮನಕ್ಕೂ ಬರಲಿಲ್ಲ.

2024ರ ಮೇ ಕೊನೆಯಲ್ಲಿ ಗೂಗಲ್‌ನ ಎರಿಕ್ ಡ್ಯೂಮಾಜೆ ಇದನ್ನು ಸರಿಪಡಿಸಿದರು. ಲಿನಕ್ಸ್ ನೆಟ್‌ವರ್ಕಿಂಗ್‌ನಲ್ಲಿ ದಶಕಗಳಿಂದ ಕೆಲಸ ಮಾಡುತ್ತಿರುವ ಫ್ರೆಂಚ್ ಎಂಜಿನಿಯರ್ ಅವರು. ಎರಡು ಸಾಲು ಅದಲುಬದಲು ಮಾಡಿ ಅವರು ಸುಮ್ಮನಾಗಲಿಲ್ಲ. ದಾರಿ ಕೈಬಿಡುವ ಕೆಲಸ ಐಪಿವಿ4, ಐಪಿವಿ6, ಐಪಿಸೆಕ್ ಎಂಬ ಮೂರು ಕಡೆ ಮೂರು ರೀತಿಯಲ್ಲಿ ನಡೆಯುತ್ತಿತ್ತು. ಈ ಮೂರೂ ಫಂಕ್ಷನ್‌ಗಳು ಲೆಕ್ಕ ಕಳೆದು, ಪಾಯಿಂಟರ್‌ನ ಹೊಸ ಬೆಲೆಯನ್ನು ಕರೆದವರಿಗೆ ಒಪ್ಪಿಸುತ್ತಿದ್ದವು. ಕರೆದವರು ಅದನ್ನು ಸಾಕೆಟ್‌ನಲ್ಲಿ ಬರೆದುಕೊಳ್ಳುತ್ತಿದ್ದರು. ಕೆಲಸ ಹೀಗೆ ಇಬ್ಬರ ನಡುವೆ ಹಂಚಿಹೋದದ್ದರಲ್ಲೇ ಸಂದು ಅಡಗಿತ್ತು. ಡ್ಯೂಮಾಜೆ ಆ ಫಂಕ್ಷನ್‌ಗಳ ಸ್ವರೂಪವನ್ನೇ ಬದಲಿಸಿದರು. ಈಗ ಅವು ಏನನ್ನೂ ಹಿಂದಿರುಗಿಸುವುದಿಲ್ಲ. ಸಾಕೆಟ್ಟನ್ನೇ ಕೈಗೆ ತೆಗೆದುಕೊಂಡು, ಮೊದಲು ಪಾಯಿಂಟರ್ ಅಳಿಸಿ ಆಮೇಲೆ ಲೆಕ್ಕ ಕಳೆಯುವ ಹಳೆಯ, ಸರಿಯಾದ ಸಹಾಯಕ ಫಂಕ್ಷನ್ ಒಂದನ್ನು ಕರೆಯುತ್ತವೆ. ಆ ಫಂಕ್ಷನ್ ಕರ್ನೆಲ್‌ನಲ್ಲಿ ಮೊದಲಿನಿಂದಲೂ ಇತ್ತು, ಇಲ್ಲಿ ಯಾರೂ ಅದನ್ನು ಬಳಸಿರಲಿಲ್ಲ. ಇನ್ನು ಮುಂದೆ ಕರೆಯುವವರು ಕ್ರಮ ತಪ್ಪಿಸೋಣವೆಂದರೂ ಅವರ ಕೈಯಲ್ಲಿ ಆ ಕೆಲಸವೇ ಉಳಿದಿಲ್ಲ.

ರೇಸ್ ಸರಿಪಡಿಸುವುದೆಂದರೆ ಲಾಕ್ ಹಾಕುವುದು ಎಂದು ಪಠ್ಯಪುಸ್ತಕಗಳು ಕಲಿಸುತ್ತವೆ. ಅದು ಅರ್ಧ ಪಾಠ ಮಾತ್ರ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೋಡ್ ಯಾವ ಮಾತನ್ನು ಬಾಯಿಬಿಟ್ಟು ಹೇಳದೆ ನಂಬಿಕೊಂಡಿದೆ ಎಂದು ಕಂಡುಹಿಡಿಯುವುದು, ಆ ಮಾತನ್ನು ಇನ್ನು ಮುರಿಯಲಾಗದಂತೆ ಕೋಡ್‌ನಲ್ಲೇ ಬರೆದಿಡುವುದು, ಇದೇ ನಿಜವಾದ ದುರಸ್ತಿ.

ಕಾಯಲು ಪುರುಸೊತ್ತಿಲ್ಲ

ಹಾಗಾದರೆ ಎಲ್ಲ ಕಡೆಯೂ ಒಂದು ಲಾಕ್ ಹಾಕಿಬಿಡಬಾರದೇ? ಒಂದು ಕಾಲಕ್ಕೆ ಹಾಗೇ ಇತ್ತು. 1996ರಲ್ಲಿ ಲಿನಕ್ಸ್ 2.0 ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳನ್ನು ಬಳಸಲು ಕಲಿತಾಗ, ಇಡೀ ಕರ್ನೆಲ್‌ಗೆ ‘ಬಿಗ್ ಕರ್ನೆಲ್ ಲಾಕ್’ ಎಂಬ ಒಂದೇ ಬೀಗವಿತ್ತು. ಒಂದು ಪ್ರೊಸೆಸರ್ ಒಳಗಿದ್ದರೆ ಉಳಿದವು ಹೊರಗೆ. 2001ರ ಜನವರಿಯಲ್ಲಿ ಬಂದ 2.4 ಆವೃತ್ತಿಯ ಹೊತ್ತಿಗೆ ನೆಟ್‌ವರ್ಕ್ ಭಾಗವನ್ನು ಈ ಬೀಗದಿಂದ ಬಿಡಿಸಿ, ಹಲವು ಪ್ರೊಸೆಸರ್‌ಗಳಲ್ಲಿ ಏಕಕಾಲಕ್ಕೆ ನಡೆಯುವಂತೆ ಮರುರಚಿಸಿದ್ದರು. ದೊಡ್ಡ ಬೀಗದ ಕೊನೆಯ ಅವಶೇಷ ಕಣ್ಮರೆಯಾದದ್ದು 2011ರಲ್ಲಿ, 2.6.39ರಲ್ಲಿ.

ನೆಟ್‌ವರ್ಕ್ ಭಾಗಕ್ಕೆ ಏಕೆ ಅಷ್ಟು ಅವಸರವಿತ್ತು ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. 10 ಗಿಗಾಬಿಟ್‌ನ ಒಂದು ಕಾರ್ಡ್‌ಗೆ ಅತಿ ಚಿಕ್ಕ ಗಾತ್ರದ ಪ್ಯಾಕೆಟ್‌ಗಳು ಬಿಡುವಿಲ್ಲದೆ ಬಂದರೆ ಸೆಕೆಂಡಿಗೆ ಸುಮಾರು 1.49 ಕೋಟಿ ಪ್ಯಾಕೆಟ್‌ಗಳಾಗುತ್ತವೆ. ಒಂದು ಪ್ಯಾಕೆಟ್‌ಗೆ ಸಿಗುವ ಸಮಯ ಸುಮಾರು 67 ನ್ಯಾನೊಸೆಕೆಂಡು. 3 ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಅದು 200 ಸೈಕಲ್‌ಗಳ ಆಸುಪಾಸು. ಯಾರೂ ಪೈಪೋಟಿಗೆ ಇಲ್ಲದಾಗಲೂ ಲಾಕ್ ಹಿಡಿದು ಬಿಡುವುದಕ್ಕೆ ಹತ್ತಾರು ಸೈಕಲ್‌ಗಳು ಬೇಕು. ಪೈಪೋಟಿಯಿದ್ದರೆ ಲಾಕ್ ಇರುವ ಕ್ಯಾಶ್‌ಲೈನ್ ಒಂದು ಕೋರ್‌ನಿಂದ ಇನ್ನೊಂದಕ್ಕೆ ಅಲೆದಾಡುತ್ತ 200 ಸೈಕಲ್ ಅಲ್ಲೇ ಮುಗಿದುಹೋಗುತ್ತದೆ. ಇವತ್ತಿನ ಡೇಟಾ ಸೆಂಟರ್‌ಗಳಲ್ಲಿ 100 ಗಿಗಾಬಿಟ್ ಕಾರ್ಡ್‌ಗಳೇ ಸಾಮಾನ್ಯ.

ಇನ್ನೊಂದು ಕಟ್ಟುಪಾಡೂ ಇದೆ. ಕಾರ್ಡ್‌ಗೆ ಪ್ಯಾಕೆಟ್ ಬಂದೊಡನೆ ಅದನ್ನು ಬರಮಾಡಿಕೊಳ್ಳುವ ಕೋಡ್ ಓಡುವುದು ಸಾಫ್ಟ್‌ಐಆರ್‌ಕ್ಯೂ ಎಂಬ ಹಂತದಲ್ಲಿ. ಅಲ್ಲಿ ಯಾವ ಕೋಡೂ ನಿದ್ರಿಸುವಂತಿಲ್ಲ, ಅಂದರೆ ಲಾಕ್‌ಗಾಗಿ ಪಕ್ಕಕ್ಕೆ ಸರಿದು ಕಾಯುವಂತಿಲ್ಲ. ಆ್ಯಪ್ ಸಾಕೆಟ್‌ನ ಲಾಕ್ ಹಿಡಿದಿರುವಾಗಲೇ ಟಿಸಿಪಿ ಪ್ಯಾಕೆಟ್ ಬಂದರೆ ಕರ್ನೆಲ್ ಅದನ್ನು ಬ್ಯಾಕ್‌ಲಾಗ್ ಎಂಬ ಸಾಲಿನಲ್ಲಿ ನಿಲ್ಲಿಸುತ್ತದೆ. ಲಾಕ್ ಬಿಡುವವರು ಬಿಡುವ ಮೊದಲು ಆ ಸಾಲನ್ನು ಮುಗಿಸಬೇಕು. ನೆಟ್‌ವರ್ಕ್ ಕೋಡ್ ಓದುವಾಗ ‘ಈ ಸಾಲು ಯಾವ ಹಂತದಲ್ಲಿ ಓಡುತ್ತಿದೆ?’ ಎಂಬ ಪ್ರಶ್ನೆ ಹೆಜ್ಜೆಹೆಜ್ಜೆಗೂ ಎದ್ದು ನಿಲ್ಲುವುದು ಇದಕ್ಕೇ. ಸಿಕ್ಕಸಿಕ್ಕಲ್ಲಿ ಲಾಕ್ ಹಾಕಿದರೆ ರೇಸ್ ಹೋಗಿ ಡೆಡ್‌ಲಾಕ್ ಬರುತ್ತದೆ: ಎ ಹಿಡಿದವನು ಬಿಗಾಗಿ, ಬಿ ಹಿಡಿದವನು ಎಗಾಗಿ ಕಾಯುತ್ತ ಯಂತ್ರವೇ ನಿಂತುಹೋಗುತ್ತದೆ. ಲಾಕ್‌ಗಳ ಕ್ರಮವನ್ನು ಓಡುತ್ತಿರುವಾಗಲೇ ಕಲಿತು, ಡೆಡ್‌ಲಾಕ್ ಆಗುವ ಮೊದಲೇ ಕೂಗಿ ಹೇಳುವ ಲಾಕ್‌ಡೆಪ್ ಎಂಬ ಸಾಧನವನ್ನು ಇಂಗೊ ಮೊಲ್ನಾರ್ 2006ರಲ್ಲಿ ಕರ್ನೆಲ್‌ಗೆ ಸೇರಿಸಿದರು. ಅದಿಲ್ಲದೆ ಇವತ್ತಿನ ಕರ್ನೆಲ್ ಕೆಲಸವನ್ನು ಊಹಿಸುವುದೂ ಕಷ್ಟ.

ಬೆಂಗಳೂರಿಗೂ ಪಾಲಿರುವ ಉಪಾಯ

ಲಾಕ್ ಇಲ್ಲದೆ ಓದುವ ಉಪಾಯವೊಂದು ಲಿನಕ್ಸ್‌ಗೆ ಬಂದದ್ದು 2002ರ ಅಕ್ಟೋಬರ್‌ನಲ್ಲಿ, 2.5.43 ಆವೃತ್ತಿಯಲ್ಲಿ. ಅದರ ಹೆಸರು ರೀಡ್-ಕಾಪಿ ಅಪ್‌ಡೇಟ್, ಎಲ್ಲರ ಬಾಯಲ್ಲಿ ಆರ್‌ಸಿಯು. ಅದರ ಹಿಂದೆ ಮೊದಲು ಕೇಳಿಬರುವ ಹೆಸರು ಪಾಲ್ ಮೆಕೆನ್ನಿ ಅವರದು. ಆದರೆ ಅದನ್ನು ಲಿನಕ್ಸ್‌ಗೆ ಒಗ್ಗಿಸಿ ಒಳಗೆ ಸೇರಿಸುವ ಕೆಲಸದಲ್ಲಿ ಐಬಿಎಂನ ಬೆಂಗಳೂರಿನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿದ್ದ ದೀಪಂಕರ್ ಶರ್ಮಾ ಮತ್ತು ಮನೀಶ್ ಸೋನಿ ಅವರದು ದೊಡ್ಡ ಪಾಲು. ಬೆಂಗಳೂರಿನ ಐಟಿ ಚರಿತ್ರೆ ಎಂದೊಡನೆ ಹೊರಗುತ್ತಿಗೆಯ ಮಾತೇ ಮುಂದೆ ಬರುತ್ತದೆ. ಇವತ್ತು ಪ್ರಪಂಚದ ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತಿರುವ ಈ ಕೆಲಸ ಆ ಚರಿತ್ರೆಯಲ್ಲಿ ಇನ್ನೂ ಎತ್ತರದ ಜಾಗ ಪಡೆಯಬೇಕು. ಆರ್‌ಸಿಯುವನ್ನು ಮೊದಮೊದಲು ಬಳಸಿಕೊಂಡ ಭಾಗಗಳಲ್ಲಿ ಐಪಿವಿ4ರ ದಾರಿಗಳ ಪಟ್ಟಿಯೂ ಒಂದು.

ಹಳೆಯ ಛತ್ರವೊಂದನ್ನು ಕೆಡವಬೇಕಾಗಿದೆ ಎಂದುಕೊಳ್ಳಿ. ಮೊದಲು ಹೊಸ ಅತಿಥಿಗಳಿಗೆ ಆ ವಿಳಾಸ ಕೊಡುವುದನ್ನು ನಿಲ್ಲಿಸಬೇಕು. ಆಮೇಲೆ ಆಗಲೇ ಒಳಗಿರುವವರು ತಾವಾಗಿ ಹೊರಡುವ ತನಕ ಕಾಯಬೇಕು. ಕೊನೆಗೆ ಗೋಡೆ ಕೆಡವಬಹುದು. ಆರ್‌ಸಿಯು ಮಾಡುವುದು ಇದನ್ನೇ. ಪಾಯಿಂಟರ್ ಅಳಿಸುವುದು ವಿಳಾಸ ನಿಲ್ಲಿಸಿದಂತೆ. ಆ ಕ್ಷಣದಲ್ಲಿ ಓದುತ್ತಿದ್ದ ಎಲ್ಲ ಕೋರ್‌ಗಳೂ ಓದಿ ಮುಗಿಸಲು ಹಿಡಿಯುವ ಸಮಯಕ್ಕೆ ಗ್ರೇಸ್ ಪಿರಿಯಡ್ ಎಂದು ಹೆಸರು. ಅದು ಮುಗಿದ ಮೇಲೆ ಮೆಮೊರಿಯನ್ನು ಬಿಡುತ್ತಾರೆ. ಓದುವವರು ಲಾಕ್ ಹಿಡಿಯುವುದಿಲ್ಲ, ಕಾಯುವುದಿಲ್ಲ. ಕಾಯುವ ಹೊರೆಯೆಲ್ಲ ಕೆಡವುವವರ ಮೇಲೆ. ಆದರೆ ಈ ವ್ಯವಸ್ಥೆಯ ಜೀವ ಇರುವುದು ಕ್ರಮದಲ್ಲಿ. ವಿಳಾಸ ನಿಲ್ಲಿಸುವ ಮೊದಲೇ ಕಾಯುವ ಗಡುವು ಶುರುವಾದರೆ, ಗಡುವಿನ ನಡುವೆ ಒಳಬಂದವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಡ್ಯೂಮಾಜೆ ಸರಿಪಡಿಸಿದ ಕೋಡ್ ಮುರಿದಿದ್ದದ್ದು ಈ ನಿಯಮವನ್ನೇ.

ಐದು ಜಾಗ, ಒಂದೇ ತಪ್ಪು

ಲಾಕ್ ಇದ್ದೂ ರೇಸ್ ಉಂಟಾಗಬಹುದು. ವಿಸಾಕ್ ಎಂಬ ಬಗೆಯ ಸಾಕೆಟ್‌ಗಳು ವರ್ಚುವಲ್ ಯಂತ್ರಕ್ಕೂ ಅದನ್ನು ಹೊತ್ತ ಯಂತ್ರಕ್ಕೂ ನಡುವೆ ಮಾತು ಸಾಗಿಸುತ್ತವೆ. 2019ರ ನವೆಂಬರ್‌ನಲ್ಲಿ ಅವಕ್ಕೆ ಒಂದಕ್ಕಿಂತ ಹೆಚ್ಚು ಸಾಗಣೆ ವಿಧಾನಗಳನ್ನು ಬಳಸುವ ಶಕ್ತಿ ಬಂತು. ಅದರ ಜೊತೆಗೇ ಐದು ಫಂಕ್ಷನ್‌ಗಳಲ್ಲಿ ಒಂದೇ ತಪ್ಪು ನುಸುಳಿತು. ‘ಈ ಸಾಕೆಟ್‌ನ ಸಾಗಣೆ ಯಾವುದು?’ ಎಂಬ ಪಾಯಿಂಟರನ್ನು ಫಂಕ್ಷನ್ ಮೊದಲ ಸಾಲಿನಲ್ಲೇ ತನ್ನ ಬಳಿ ನಕಲು ಮಾಡಿಕೊಳ್ಳುತ್ತಿತ್ತು, ಆಮೇಲೆ ಲಾಕ್ ಹಿಡಿಯುತ್ತಿತ್ತು. ಲಾಕ್‌ಗಾಗಿ ಕಾಯುತ್ತಿರುವಾಗ ಇನ್ನೊಂದು ಥ್ರೆಡ್ ಸಾಗಣೆಯನ್ನೇ ಬದಲಿಸಿ, ಹಳೆಯದಕ್ಕೆ ಸೇರಿದ ಮೆಮೊರಿಯನ್ನು ಬಿಟ್ಟುಕೊಡಬಹುದು. ಲಾಕ್ ಸಿಕ್ಕ ಮೇಲೆ ಮೊದಲ ಥ್ರೆಡ್ ತನ್ನ ಬಳಿಯಿದ್ದ ಹಳೆಯ ನಕಲನ್ನೇ ನಂಬಿ ಮುಂದುವರಿಯುತ್ತದೆ.

ರಷ್ಯಾದ ಸಂಶೋಧಕ ಅಲೆಕ್ಸಾಂಡರ್ ಪೊಪೋವ್ 2021ರ ಆರಂಭದಲ್ಲಿ ಇದನ್ನು ಕಂಡುಹಿಡಿದರು. ಅದು ಸಿವಿಇ-2021-26708. ಬಿಟ್ಟುಕೊಟ್ಟ ಮೆಮೊರಿಯಲ್ಲಿ ಈ ದೋಷದಿಂದ ಬರೆಯಲು ಸಾಧ್ಯವಾದದ್ದು ಬರೇ ನಾಲ್ಕು ಬೈಟ್. ಆ ನಾಲ್ಕು ಬೈಟ್‌ಗಳಿಂದ ಹೊರಟು, ಫೆಡೋರಾ 33 ಸರ್ವರ್‌ನಲ್ಲಿ ಪ್ರೊಸೆಸರ್‌ನ ಕಾವಲುಗಳನ್ನೂ ದಾಟಿ, ಸಾಮಾನ್ಯ ಬಳಕೆದಾರನಿಗೆ ಪೂರ್ಣ ಅಧಿಕಾರ ಸಿಗುವ ತನಕ ಹೋಗಬಹುದೆಂದು ಅವರು ತೋರಿಸಿಕೊಟ್ಟರು. ದುರಸ್ತಿಯ ಪ್ಯಾಚನ್ನೂ ಅವರೇ ಬರೆದರು: ಐದೂ ಫಂಕ್ಷನ್‌ಗಳಲ್ಲಿ ನಕಲು ಮಾಡಿಕೊಳ್ಳುವ ಸಾಲನ್ನು ಲಾಕ್ ಹಿಡಿಯುವ ಸಾಲಿನ ಕೆಳಕ್ಕೆ ಇಳಿಸಿದರು. ಪ್ಯಾಚ್ ಚಿಕ್ಕದು. ‘ನಾಲ್ಕು ಬೈಟ್ ತಾನೆ, ಏನಾದೀತು’ ಎನ್ನುವವರಿಗೆ ಕೊಡಲು ಪುರಾವೆಯೂ ಜೊತೆಯಲ್ಲೇ ಇತ್ತು. ರೇಸ್ ದುರಸ್ತಿಯಲ್ಲಿ ಆ ಪುರಾವೆಯ ಕೆಲಸವೇ ದೊಡ್ಡದು, ಕಂಪನಿಗಳ ವಾರ್ಷಿಕ ಮೌಲ್ಯಮಾಪನಗಳು ಸಾಲುಗಳನ್ನು ಎಣಿಸುವುದನ್ನು ಬಿಟ್ಟು ಇದನ್ನು ಗುರುತಿಸಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಪರೀಕ್ಷಿಸಿ ಆಮೇಲೆ ನಡೆಯುವುದು ಇನ್ನೊಂದು ಹಳೆಯ ಬೇನೆ. ಕಾರ್ಡ್‌ನಿಂದ ಬರುವ ಪ್ಯಾಕೆಟ್‌ಗಳನ್ನು ಹಾಗೆಹಾಗೇ ಓದಲು ಬಿಡುವ ಪ್ಯಾಕೆಟ್ ಸಾಕೆಟ್‌ಗಳಲ್ಲಿ, ಬಫರಿನ ಮಾದರಿ ಬದಲಿಸುವ ಮೊದಲು ‘ಬಫರ್ ಆಗಲೇ ಇದೆಯೇ?’ ಎಂಬ ತಪಾಸಣೆ ಇತ್ತು. ತಪಾಸಣೆ ಇತ್ತು, ಲಾಕ್ ಇರಲಿಲ್ಲ. ನೋಡಿದ ಕ್ಷಣಕ್ಕೂ ಬದಲಿಸಿದ ಕ್ಷಣಕ್ಕೂ ನಡುವೆ ಇನ್ನೊಂದು ಥ್ರೆಡ್ ಬಫರ್ ಹುಟ್ಟಿಸಿದರೆ, ಸಾಕೆಟ್ ಮುಚ್ಚುವಾಗ ಕರ್ನೆಲ್ ಒಂದು ಟೈಮರನ್ನು ನಿಲ್ಲಿಸಲು ಮರೆಯುತ್ತಿತ್ತು. ಸಾಕೆಟ್ ಹೋದ ಮೇಲೂ ಟೈಮರ್ ಜೀವಂತ. 2011ರ ಆಗಸ್ಟ್‌ನಲ್ಲಿ ಸೇರಿದ ಈ ದೋಷವನ್ನು ಫಿಲಿಪ್ ಪೆಟರ್ಸನ್ ಕಂಡು, 2016ರ ಡಿಸೆಂಬರ್‌ನಲ್ಲಿ ಎರಡೂ ಕಡೆ ಸಾಕೆಟ್ ಲಾಕ್ ಹಾಕಿ ಮುಚ್ಚಿದರು. ಮರುವರ್ಷ ಅದೇ ಪ್ಯಾಕೆಟ್ ಸಾಕೆಟ್ ಕೋಡ್‌ನಲ್ಲಿ ಇನ್ನೊಂದು ರೇಸ್ ಸಿಕ್ಕಿತು. ಅದಕ್ಕೆ ಹಾಕಿದ ತೇಪೆ ಪೂರ್ಣವಾಗಿರಲಿಲ್ಲವೆಂದು 2018ರಲ್ಲಿ ಮತ್ತೊಂದು ಸಿವಿಇ ಸಂಖ್ಯೆ ಕೊಡಬೇಕಾಯಿತು. ಕಂಡ ಸಂದೊಂದನ್ನೇ ಮುಚ್ಚಿ, ಆ ಡೇಟಾವನ್ನು ಇನ್ನೆಲ್ಲಿ ಯಾರು ಮುಟ್ಟುತ್ತಾರೆ ಎಂದು ಕೇಳದೆ ಬಿಟ್ಟರೆ ಹೀಗಾಗುತ್ತದೆ.

ಕೋರ್‌ಗಳನ್ನು ಅಕ್ಕಪಕ್ಕ ಕೂರಿಸಿ

ಇಂಥ ರೇಸ್‌ಗಳನ್ನು ಹಿಡಿದು ಸರಿಪಡಿಸುವ ಕೆಲಸ ಹೇಗೆ ನಡೆಯುತ್ತದೆ? ಸಾಮಾನ್ಯವಾಗಿ ಶುರುವಾಗುವುದು ಸಿಜ್‌ಬಾಟ್‌ನಿಂದ. ಗೂಗಲ್‌ನ ಡ್ಮಿಟ್ರಿ ವ್ಯುಕೊವ್ ಆರಂಭಿಸಿದ ಸಿಜ್‌ಕಾಲರ್ ಎಂಬ ಸಾಧನ ಕರ್ನೆಲ್‌ಗೆ ಚಿತ್ರವಿಚಿತ್ರ ಕರೆಗಳನ್ನು ಬೇರೆಬೇರೆ ಥ್ರೆಡ್‌ಗಳಿಂದ ಸುರಿಯುತ್ತಲೇ ಇರುತ್ತದೆ. ಸಿಜ್‌ಬಾಟ್ ಅದನ್ನು ಹಗಲುರಾತ್ರಿ ಓಡಿಸಿ ವರದಿ ಕಳಿಸುತ್ತದೆ. ಬಿಟ್ಟುಕೊಟ್ಟ ಮೆಮೊರಿಯನ್ನು ಯಾರಾದರೂ ಮುಟ್ಟಿದರೆ ಕೆಎಸಾನ್ ಎಂಬ ಕಾವಲುಗಾರ ಆ ಕ್ಷಣವೇ ಹಿಡಿಯುತ್ತಾನೆ. ಮಾರ್ಕೋ ಎಲ್ವರ್ ಮುಂದಾಳತ್ವದಲ್ಲಿ 2020ರ ಲಿನಕ್ಸ್ 5.8ಕ್ಕೆ ಸೇರಿದ ಕೆಸಿಸಾನ್‌ನ ವಿಧಾನ ಇನ್ನೂ ಸೊಗಸು. ಅದು ಅಲ್ಲೊಂದು ಇಲ್ಲೊಂದು ಮೆಮೊರಿ ಜಾಗವನ್ನು ಆರಿಸಿ, ಅದನ್ನು ಮುಟ್ಟಿದ ಕೋರನ್ನು ಸ್ವಲ್ಪ ಹೊತ್ತು ಬೇಕೆಂದೇ ತಡೆದು ನಿಲ್ಲಿಸುತ್ತದೆ. ಆ ಹೊತ್ತಿನಲ್ಲಿ ಇನ್ನೊಂದು ಕೋರ್ ಅದೇ ಜಾಗಕ್ಕೆ ಕೈಹಾಕಿದರೆ ಇಬ್ಬರ ವಿಳಾಸವನ್ನೂ ಬರೆದುಕೊಳ್ಳುತ್ತದೆ. ಮನುಷ್ಯರೂ ಇದನ್ನೇ ಮಾಡುತ್ತಾರೆ: ಅನುಮಾನ ಬಂದ ಎರಡು ಸಾಲುಗಳ ನಡುವೆ ಒಂದು ವಿಳಂಬ ತುರುಕಿ, ನ್ಯಾನೊಸೆಕೆಂಡಿನ ಸಂದನ್ನು ಸೆಕೆಂಡಿನಷ್ಟು ಅಗಲ ಮಾಡಿ, ಬಗ್ ಬರುತ್ತದೆಯೇ ನೋಡುತ್ತಾರೆ.

ಆಮೇಲೆ ಪ್ಯಾಚ್‌ನ ವಿವರಣೆ. ಒಳ್ಳೆಯ ರೇಸ್ ಪ್ಯಾಚ್‌ನಲ್ಲಿ ಕೋಡ್‌ಗಿಂತ ವಿವರಣೆ ಉದ್ದವಿರುವುದು ಸಾಮಾನ್ಯ. ಎಡಕ್ಕೆ ಒಂದು ಕೋರ್, ಬಲಕ್ಕೆ ಇನ್ನೊಂದು. ಮೇಲಿಂದ ಕೆಳಕ್ಕೆ ಸಮಯ. ಯಾವ ಸಾಲಿನ ಎದುರು ಯಾವ ಸಾಲು ಬಂದರೆ ಅನಾಹುತ ಎಂದು ಎರಡು ಕಾಲಂಗಳಲ್ಲಿ ಬರೆದು ತೋರಿಸುತ್ತಾರೆ. ದೋಷ ಯಾವ ಬದಲಾವಣೆಯಿಂದ ಬಂತೆಂದು ‘ಫಿಕ್ಸಸ್’ ಎಂಬ ಸಾಲಿನಲ್ಲಿ ಹೆಸರಿಸುತ್ತಾರೆ. ಹಳೆಯ ಆವೃತ್ತಿಗಳನ್ನು ನೋಡಿಕೊಳ್ಳುವವರು ತಮಗೂ ಈ ಪ್ಯಾಚ್ ಬೇಕೇ ಎಂದು ತಿಳಿಯುವುದು ಆ ಸಾಲಿನಿಂದ. ಹತ್ತು ವರ್ಷದ ನಂತರ ಬರುವ ಎಂಜಿನಿಯರ್‌ಗೆ ಆ ಎರಡು ಕಾಲಂಗಳೇ ಗುರು.

ಎಲ್ಲ ರೇಸ್‌ಗಳೂ ಅಪಾಯಕಾರಿಯಲ್ಲ. ಅಂಕಿಅಂಶದ ಒಂದು ಎಣಿಕೆ ಕ್ಷಣಕಾಲ ಹಳತಾಗಿ ಕಂಡರೆ ಯಾರಿಗೂ ನಷ್ಟವಿಲ್ಲ. ಹಾಗೆಂದು ಸುಮ್ಮನೆ ಬಿಡುವಂತಿಲ್ಲ, ಏಕೆಂದರೆ ಬೇರೆಯವರೂ ಬದಲಿಸುತ್ತಾರೆಂದು ತಿಳಿಯದ ಕಂಪೈಲರ್ ಒಂದೇ ಬೆಲೆಯನ್ನು ಎರಡು ಸಲ ಓದಬಹುದು, ಎರಡು ಸಲವೂ ಬೇರೆಬೇರೆ ಸಿಗಬಹುದು. ಆದ್ದರಿಂದ ‘ಇಲ್ಲಿ ಲಾಕ್ ಇಲ್ಲದೆ ಓದುತ್ತಿದ್ದೇನೆ, ಒಂದೇ ಸಲ ಓದು’ ಎಂದು ರೀಡ್ ಒನ್ಸ್ ಎಂಬ ಗುರುತು ಹಾಕುತ್ತಾರೆ. ಡ್ಯೂಮಾಜೆ ಇಂಥ ಗುರುತಿನ ಪ್ಯಾಚ್‌ಗಳನ್ನು ವರ್ಷಗಟ್ಟಲೆ, ಸಾಕೆಟ್‌ನ ಒಂದೊಂದು ಅಂಶ ಹಿಡಿದು ಕಳಿಸುತ್ತ ಬಂದಿದ್ದಾರೆ. ಪತ್ರಿಕೆಯ ಮುಖಪುಟಕ್ಕೆ ಬರುವ ಕೆಲಸವಲ್ಲ ಇದು. ಆದರೆ ಗುರುತು ಬಿದ್ದ ಮೇಲೆ ಓದುಗನಿಗೆ ಇಲ್ಲಿ ರೇಸ್ ಇದೆ, ಗೊತ್ತಿದ್ದೇ ಇದೆ ಎಂದು ತಿಳಿಯುತ್ತದೆ. ಕೆಸಿಸಾನ್ ಕೂಡ ಆ ಸದ್ದನ್ನು ಬಿಟ್ಟು ನಿಜವಾದ ಅಪಾಯದ ಕಡೆ ತಿರುಗುತ್ತದೆ.

ಕರ್ನೆಲ್‌ನಲ್ಲಿ ಸರಿಯಾದ ಮಾತ್ರಕ್ಕೆ ಕೈಯಲ್ಲಿರುವ ಫೋನು ಸರಿಯಾಗುವುದಿಲ್ಲ. 2024ರ ಮೇ ಕೊನೆಯ ಪ್ಯಾಚ್ ಆಂಡ್ರಾಯ್ಡ್ ಬುಲೆಟಿನ್‌ಗೆ ಬಂದದ್ದು ಆಗಸ್ಟ್‌ನಲ್ಲಿ. ಅಲ್ಲಿಂದ ಫೋನು ತಯಾರಕರು ಅದನ್ನು ತಮ್ಮ ಮಾದರಿಗಳಿಗೆ ಹೊಂದಿಸಬೇಕು. ಅಗ್ಗದ ಫೋನುಗಳಿಗೆ ಅಪ್‌ಡೇಟ್‌ಗಳು ಬೇಗನೆ ನಿಂತುಹೋಗುತ್ತವೆ. ದೋಷ ಇಡೀ ಪ್ರಪಂಚಕ್ಕೆ ಗೊತ್ತಾಗಿ, ಪರಿಹಾರವೂ ಬಹಿರಂಗವಾಗಿ ಸಿದ್ಧವಿದ್ದು, ಬಡವರ ಫೋನಿಗೆ ಮಾತ್ರ ಅದು ತಲುಪದಿರುವುದು ಅನ್ಯಾಯ. ಫೋನು ಮಾರುವಾಗಲೇ ಇಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುವ ನಿಯಮ ನಮ್ಮಲ್ಲಿ ಬರಬೇಕು.

ಇತ್ತ ನೆಟ್‌ವರ್ಕ್ ಭಾಗದಲ್ಲಿ ಇನ್ನೂ ಒಂದು ದೊಡ್ಡ ಬೀಗ ಉಳಿದಿದೆ. ಆರ್‌ಟಿಎನ್‌ಎಲ್ ಎಂಬ ಆ ಲಾಕ್, ಇಂಟರ್‌ಫೇಸ್ ಸೇರಿಸುವುದು, ವಿಳಾಸ ಕೊಡುವುದು ಮೊದಲಾದ ಸಂರಚನೆಯ ಕೆಲಸಗಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಒಂದೇ ಯಂತ್ರದಲ್ಲಿ ಸಾವಿರಾರು ಕಂಟೇನರ್‌ಗಳು ಹುಟ್ಟಿ ಸಾಯುವ ಈ ಕಾಲದಲ್ಲಿ ಆ ಸಾಲು ಬಹಳ ಉದ್ದವಾಗುತ್ತದೆ. ಅದನ್ನು ಒಂದೊಂದು ನೆಟ್‌ವರ್ಕ್ ನೇಮ್‌ಸ್ಪೇಸ್‌ಗೂ ಪ್ರತ್ಯೇಕ ಲಾಕ್‌ಗಳಾಗಿ ಒಡೆಯುವ ಕೆಲಸ 2024ರಲ್ಲಿ ಕುನಿಯುಕಿ ಇವಾಶಿಮಾ ಅವರ ಪ್ಯಾಚ್‌ಗಳೊಂದಿಗೆ ಶುರುವಾಗಿದೆ. ಕೆಲವು ಕಡೆ ‘ಆರ್‌ಟಿಎನ್‌ಎಲ್ ಹಿಡಿದಿರಬೇಕು’ ಎಂಬ ತಪಾಸಣೆ ಕೋಡ್‌ನಲ್ಲೇ ಇದೆ, ಮುರಿದರೆ ಅದು ಎಚ್ಚರಿಸುತ್ತದೆ. ಆ ತಪಾಸಣೆ ಇಲ್ಲದೆ, ಬರೇ ಅಭ್ಯಾಸಬಲದಿಂದ ಆ ಲಾಕನ್ನು ನಂಬಿರುವ ಸಾಲುಗಳು ಯಾವುವು ಎಂದು ಈಗ ಒಂದೊಂದು ಫೈಲ್ ತೆರೆದು ಹುಡುಕಬೇಕಾಗಿದೆ.